ಎಚ್ಚರರಾಯನ ಹಲಗೆಯೂ ಬಟ್ಟೆಯಿಲ್ಲದ ಬಣ್ಣವೂ

ಒಂದಾನೊಂದು ಊರಿನಲ್ಲಿ ಹೊತ್ತು ಎಂಬುದು ಒಂದೇ ಒಂದು ಇತ್ತು. ಆ ಊರು ಎಲ್ಲಿದೆ ಎಂದು ಮಾತ್ರ ಕೇಳಬೇಡಿ. ಕೇಳಿದಷ್ಟೂ ಅದು ನಾಚಿಕೊಂಡು ಹಿಂದಕ್ಕೆ ಸರಿಯುತ್ತದೆ. ಹೆಸರು ಹೇಳುತ್ತೇನೆ, ಹೊತ್ತೂರು. ಅಲ್ಲಿನ ರಾಜ ಎಚ್ಚರರಾಯ.

ಬೇರೆ ರಾಜರಿಗೆ ಆನೆಯ ಹುಚ್ಚು, ಬೇಟೆಯ ಹುಚ್ಚು. ಎಚ್ಚರರಾಯನಿಗೆ ಒಂದು ತೂತು ಬಟ್ಟಲಿನ ಹುಚ್ಚು. ಅರಮನೆಯ ನಡುಮನೆಯಲ್ಲಿ ಹಂಡೆಯ ತುಂಬ ನೀರು. ನೀರಿನ ಮೇಲೆ ಆ ಬಟ್ಟಲು ತೇಲುತ್ತಿತ್ತು. ತೂತಿನಿಂದ ನೀರು ಮೆಲ್ಲಗೆ ಒಳಗೆ ಬರುತ್ತಿತ್ತು. ತುಂಬಿದ ಬಟ್ಟಲು ಗುಳುಕ್ ಎಂದು ಮುಳುಗಿದರೆ ಒಂದು ಗಳಿಗೆ. ರಾಜ ಅದನ್ನು ಎತ್ತಿ, ನೀರು ಚೆಲ್ಲಿ, ಮತ್ತೆ ತೇಲಿಬಿಟ್ಟು, ಕರಿಹಲಗೆಯ ಮೇಲೆ ಬಳಪದಿಂದ ಸಂಖ್ಯೆ ಬರೆಯುತ್ತಿದ್ದ. ಸೂರ್ಯ ಹುಟ್ಟಿದಾಗ ಸೊನ್ನೆ. ನೆತ್ತಿಗೆ ಬಂದಾಗ ಹದಿನೈದು. ಮುಳುಗಿದಾಗ ಮೂವತ್ತು. ಬಟ್ಟಲಿಗೂ ಒಂದು ಹಟವಿತ್ತು. ಯಾರೂ ನೋಡದಿದ್ದರೆ ಮುಳುಗಿ ಏನು ಬಂತು ಎನ್ನುತ್ತಿತ್ತು. ಅದಕ್ಕೇ ರಾಜ ರೆಪ್ಪೆ ಹೊಡೆಯದೆ ಅದನ್ನೇ ನೋಡುತ್ತ ಕೂರುತ್ತಿದ್ದ. ಅವನು ಅದರಿಂದ ಕಣ್ಣು ಕಿತ್ತರೆ ಬಟ್ಟಲು ಸುಮ್ಮನೆ ತೇಲುತ್ತಿತ್ತು. ಊರಿನ ಹೊತ್ತೂ ತೇಲುತ್ತಿತ್ತು.

ಹಲಗೆಯನ್ನು ಇನ್ನೊಬ್ಬರು ನೋಡುವಂತಿರಲಿಲ್ಲ. ರಾಜನ ಅಜ್ಜನ ಕಾಲದಲ್ಲಿ ಅದು ಸಂತೆಬೀದಿಯಲ್ಲೇ ಇತ್ತಂತೆ. ಆಗ ಹಸಿದವರು ಬಂದು ಊಟದ ಹೊತ್ತು ಬರೆದರು. ನಿದ್ದೆಗಣ್ಣಿನವರು ಬಂದು ಬೆಳಗನ್ನು ಅಳಿಸಿದರು. ಸೊಸೆಯಂದಿರು ಒಂದು ಬರೆದರೆ ಅತ್ತೆಯಂದಿರು ಇನ್ನೊಂದು ಬರೆದರು. ಕಡೆಗೆ ಒಂದು ವಾರ ಊರಿಗೆ ಮಂಗಳವಾರವೇ ಬರಲಿಲ್ಲ. ಬರುವ ದಾರಿಯಲ್ಲಿ ಅದಕ್ಕೆ ದಿಕ್ಕು ತಪ್ಪಿತ್ತು. ಅಂದಿನಿಂದ ಹಲಗೆ ಅರಮನೆ ಸೇರಿತು. ಹೊತ್ತು ಬೇಕಾದವರು ಬಂದು ಕೇಳಿಕೊಂಡು ಹೋಗಬೇಕು ಎಂದಾಯಿತು.

ಕೇಳುವುದೇನು ಸುಲಭವೇ? ಊರಿಗೂ ಅರಮನೆಗೂ ನಡುವೆ ಒಂದೇ ಬಾಗಿಲು. ಬಾಗಿಲಲ್ಲಿ ಒಬ್ಬ ಮುದುಕ ಕಾವಲುಗಾರ. ಅವನ ಹಿಂದೆ ಸಾಲಾಗಿ ಮಡಕೆಗಳು. ಒಳಗೆ ಹೋಗುವವರು ಕೈಯಲ್ಲಿದ್ದುದನ್ನು ಕೆಳಗಿಟ್ಟು, ತಲೆಯಲ್ಲಿದ್ದುದನ್ನೆಲ್ಲ ಒಂದು ಮಡಕೆಗೆ ಸುರಿಯಬೇಕು. ಒಲೆಯ ಮೇಲೆ ಬೇಳೆ ಇದೆ ಎಂಬ ನೆನಪು, ಪಕ್ಕದ ಮನೆಯವರ ಮೇಲಿನ ಸಿಟ್ಟು, ತವರಿನ ದಾರಿ, ಎಲ್ಲವನ್ನೂ. ಒಂದೇ ಒಂದು ಮಾತನ್ನು ನಾಲಿಗೆಯ ಮೇಲೆ ಇಟ್ಟುಕೊಂಡು ಒಳಗೆ ಹೋಗಬಹುದು. ಎಲ್ಲರ ನಾಲಿಗೆಯ ಮೇಲೂ ಇರುತ್ತಿದ್ದುದು ಅದೇ ಮಾತು, "ಹೊತ್ತು ಎಷ್ಟಾಯ್ತು ಬುದ್ಧಿ?" ರಾಜ ಹೇಳುತ್ತಿದ್ದ. ಕೇಳಿದವರು ಹೊರಗೆ ಬಂದು, ಮಡಕೆಯನ್ನು ತಲೆಗೆ ಬಗ್ಗಿಸಿಕೊಂಡು ಮನೆಗೆ ನಡೆಯುತ್ತಿದ್ದರು. ಮನೆ ಮುಟ್ಟುವಷ್ಟರಲ್ಲಿ ಆ ಹೊತ್ತು ಹಳಸಿರುತ್ತಿತ್ತು.

ಆ ಊರಿನ ಕೆಳಗೇರಿಯಲ್ಲಿ ಸಣ್ಣೀರಮ್ಮ ಎಂಬ ಬಣ್ಣಗಾರ್ತಿ ಇದ್ದಳು. ಗಂಡ ತೀರಿಕೊಂಡಿದ್ದ. ಮಗಳು ರಾಚವ್ವ, ಮನೆ ಅಳಿಯ ಮುದ್ದಯ್ಯ, ಮತ್ತು ಹಿತ್ತಲಲ್ಲಿ ಒಂದು ಬಣ್ಣದ ತೊಟ್ಟಿ. ಇಷ್ಟೇ ಅವಳ ಸಂಸಾರ. ತೊಟ್ಟಿಯಲ್ಲಿ ಅದ್ದಿದ ಬಟ್ಟೆಯನ್ನು ಒಂದು ಗಳಿಗೆಗೆ ತೆಗೆದರೆ ಹಳದಿ. ಎರಡು ಗಳಿಗೆಗೆ ತೆಗೆದರೆ ಕೆಂಪು. ಮೂರಕ್ಕೆ ನೀಲಿ. ನಾಲ್ಕು ಗಳಿಗೆ ಆಗಿಬಿಟ್ಟರೆ ಬಟ್ಟೆ ಪೂರಾ ಕರಗಿ ಹೋಗಿ ಬಣ್ಣ ಒಂದೇ ಉಳಿಯುತ್ತಿತ್ತು. ಅದನ್ನು ಹಗ್ಗದ ಮೇಲೆ ಒಣಗಿಹಾಕಬಹುದು, ಉಡುವುದಕ್ಕಾಗದು. ಗಾಳಿ ಬೀಸಿದರೆ ಅಲುಗುವುದಿಲ್ಲ. ಮುಟ್ಟಿದರೆ ಕೈ ತೂರಿ ಆಚೆಗೆ ಹೋಗುತ್ತದೆ. ಬಣ್ಣದಲ್ಲೇ ನೆಂದ ಸಣ್ಣೀರಮ್ಮನ ಕೈಗೆ ಮಾತ್ರ ಅದು ಸಿಗುತ್ತಿತ್ತು.

ಹೊತ್ತು ಕೇಳಲು ಹೋದ ಮುದ್ದಯ್ಯ ತಡವಾಗಿ ಬರುತ್ತಿದ್ದುದರಿಂದ ಸಣ್ಣೀರಮ್ಮನ ಹಿತ್ತಲಲ್ಲಿ ಅಂಥ ಬಣ್ಣಗಳು ಬೇಕಾದಷ್ಟು ನೇತಾಡುತ್ತಿದ್ದವು. ಒಂದು ವಿಚಿತ್ರವನ್ನೂ ಅವಳು ಕಂಡುಕೊಂಡಿದ್ದಳು. ತನ್ನ ಹಗ್ಗಕ್ಕೆ ಹಾಕಿದ ಬಣ್ಣವೇ ಪಕ್ಕದ ಹಿತ್ತಲಲ್ಲೂ ಕಾಣುತ್ತಿತ್ತು. ಹಾಗಾಗುವುದು ಸಹಜವೇ. ಬಟ್ಟೆಯಿದ್ದರೆ ತಾನೆ ಇಲ್ಲಿದೆ, ಅಲ್ಲಿಲ್ಲ ಎಂಬ ಮಾತು? ಬರೀ ಬಣ್ಣಕ್ಕೆ ಜಾಗದ ಹಂಗೇನು?

ಹೀಗಿರುವಾಗ ರಾಚವ್ವ ಬಸುರಾದಳು. ಒಂಬತ್ತು ತಿಂಗಳು ತುಂಬಿತು. ಹತ್ತೂ ತುಂಬಿತು. ಹನ್ನೊಂದನೆಯ ತಿಂಗಳಲ್ಲಿ ಒಂದು ಬೆಳಿಗ್ಗೆ ಅವಳು ರೊಟ್ಟಿ ತಟ್ಟುವುದನ್ನು ಬಿಟ್ಟು ಎದ್ದು ಬಂದು, ಅವ್ವ, ಒಳಗಿಂದ ಮಾತು ಕೇಳ್ತಾ ಅದೆ ಎಂದಳು. ಸಣ್ಣೀರಮ್ಮ ಮಗಳ ಹೊಟ್ಟೆಗೆ ಕಿವಿ ಇಟ್ಟಳು. ಒಳಗಿನಿಂದ ಒಂದು ಎಳೆಯ ದನಿ ಬಂತು.

"ಅಜ್ಜಿ, ಹೊತ್ತು ಎಷ್ಟಾಯ್ತು?"

ಹೊತ್ತು ಕಟ್ಟಿಕೊಂಡು ನಿನಗೇನಮ್ಮ, ಸುಮ್ಮನೆ ಹೊರಗೆ ಬಾ ಎಂದು ಸಣ್ಣೀರಮ್ಮ ಹೇಳಿದಳು. ಕೂಸು ಒಪ್ಪಲಿಲ್ಲ.

"ಹಳೆ ಹೊತ್ತಿಗೆ ಹುಟ್ಟಿದರೆ ಆಮೇಲೆ ಎಲ್ಲದಕ್ಕೂ ತಡವಾಗುತ್ತೆ. ಸರಿಯಾದ ಹೊತ್ತು ಹೇಳಿ, ಬರ್ತೀನಿ."

ಮುದ್ದಯ್ಯ ಓಡಿದ. ಕೇಳಿಕೊಂಡು ಬಂದು, ಏದುಸಿರು ಬಿಡುತ್ತ ಹನ್ನೆರಡು ಗಳಿಗೆ ಎಂದ. ಅದು ಹಳತು ಎಂದಿತು ಕೂಸು. ಅದಕ್ಕೆ ಹೇಗೆ ಗೊತ್ತಾಯಿತು ಎನ್ನುತ್ತೀರೋ? ಹೊಟ್ಟೆಯೊಳಗೂ ನೀರೇ, ಹಂಡೆಯೊಳಗೂ ನೀರೇ. ಬಟ್ಟಲು ಮುಳುಗಿದ ಸದ್ದು ನೀರಿನಿಂದ ನೀರಿಗೆ ಕೇಳುತ್ತಿತ್ತು. ಮುಳುಗಿದ್ದು ಕೇಳುತ್ತಿತ್ತು, ಎಷ್ಟನೆಯದು ಎಂಬುದು ಖಚಿತವಾಗಿ ತಿಳಿಯುತ್ತಿರಲಿಲ್ಲ. ಮುದ್ದಯ್ಯ ಮತ್ತೆ ಓಡಿದ. ಮತ್ತೆ ಹಳತು. ಮೂರನೆಯ ಸಲ ಅವಸರದಲ್ಲಿ ಯಾರದೋ ಮಡಕೆಯನ್ನು ತಲೆಗೆ ಬಗ್ಗಿಸಿಕೊಂಡು ಬಂದುಬಿಟ್ಟ. ಅದು ಮೇಕೆ ವ್ಯಾಪಾರಿಯ ತಲೆಯೊಳಗಿನದು. ಮನೆಗೆ ಬಂದವನೇ ಹೆಂಡತಿಯ ಬಾಯಿ ತೆರೆಸಿ ಹಲ್ಲು ಎಣಿಸತೊಡಗಿದ. ರಾಚವ್ವ ನಗಲಿಲ್ಲ. ಅವಳ ಕಾಲು ಬಾತಿತ್ತು, ಮುಖ ಬಿಳಿಚಿತ್ತು. ಮೂರು ದಿನದಿಂದ ಗಂಜಿ ಕೂಡ ಇಳಿದಿರಲಿಲ್ಲ. ಗೋಡೆಗೆ ಒರಗಿ, ಅವ್ವ, ನನ್ನ ಕೈಲಿ ಇನ್ನಾಗದು ಎಂದಳು.

ಸಣ್ಣೀರಮ್ಮ ಬಣ್ಣದ ಕೈ ಒರೆಸಿಕೊಂಡು ಎದ್ದಳು. ಅಳಿಯನನ್ನು ಮಗಳ ಬಳಿ ಕೂರಿಸಿದಳು. ಹಗ್ಗದ ಮೇಲಿನ ತಿಳಿನೀಲಿ ಬಣ್ಣವೊಂದನ್ನು ಸುತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು ತಾನೇ ಅರಮನೆಗೆ ಹೊರಟಳು. ಯಾಕೆ ಸಿಕ್ಕಿಸಿಕೊಂಡಳು ಎಂಬುದು ಅವಳಿಗೂ ಗೊತ್ತಿರಲಿಲ್ಲ. ಬರಿಗೈಲಿ ದೊಡ್ಡವರ ಮನೆಗೆ ಹೋಗಬಾರದು ಎಂದಷ್ಟೇ.

ಬಾಗಿಲ ಮುಂದೆ ಸಾಲು ಹಾವಿನ ಹಾಗೆ ಬಿದ್ದುಕೊಂಡಿತ್ತು. ಸಾಲಿನಲ್ಲಿ ನಿಂತೇ ಕೆಲವರಿಗೆ ಗಡ್ಡ ನೆರೆತಿತ್ತು. ಸಾಲಿನಲ್ಲೇ ನೆಂಟಸ್ತನ ಕುದುರಿ, ಮುಂದಿನವನ ಮಗಳನ್ನು ಹಿಂದಿನವನ ಮಗನಿಗೆ ತಂದುಕೊಂಡಿದ್ದರು. ಸಾಲು ಬೆಳೆದಷ್ಟೂ ರಾಜನಿಗೆ ಉತ್ತರ ಹೇಳುವುದೇ ಕೆಲಸವಾಗಿತ್ತು. ಉತ್ತರ ಹೇಳಿದಷ್ಟೂ ಬಟ್ಟಲು ನೋಡಲು ಆಗುತ್ತಿರಲಿಲ್ಲ. ನೋಡದಷ್ಟೂ ಹೊತ್ತು ನಿಧಾನವಾಗುತ್ತಿತ್ತು. ಊರಿನ ಮಾವಿನಕಾಯಿಗಳು ಹಣ್ಣಾಗುವುದನ್ನೇ ಮರೆತಿದ್ದವು. ಸಣ್ಣೀರಮ್ಮ ಮುಂದಿದ್ದವರನ್ನು ಏನು ಕೇಳಲು ಬಂದಿರಿ ಎಂದು ವಿಚಾರಿಸಿದಳು. ಹೊತ್ತು ಎಂದರು. ಹಿಂದಿನವರನ್ನು ವಿಚಾರಿಸಿದಳು. ಅವರೂ ಹೊತ್ತು ಎಂದರು. ಹೊರಗೆ ಬಂದವರನ್ನು ರಾಜರು ಏನು ಹೇಳಿದರು ಎಂದು ಕೇಳಿದಳು. ಹದಿನೇಳು ಎಂದರು. ಅವರ ಹಿಂದೆ ಬಂದವರೂ ಹದಿನೇಳು ಎಂದರು.

ಅವಳ ಸರದಿ ಬಂತು. ಕಾವಲುಗಾರ ಸೊಂಟ ತಡವಿ ನೋಡಿದ. ಬಟ್ಟೆಯೇ ಇಲ್ಲದ ಬಣ್ಣ ಕೈಗೆ ಸಿಗಲಿಲ್ಲ. ಅವಳು ತಲೆಯಲ್ಲಿದ್ದುದನ್ನು ಮಡಕೆಗೆ ಸುರಿದಳು. ಮಗಳ ಮುಖ ಒಂದು ಸುರಿಯಲು ಮನಸ್ಸು ಬರಲಿಲ್ಲ. ಆದರೂ ಸುರಿದಳು. ನಾಲಿಗೆಯ ಮೇಲೆ ಒಂದು ಮಾತು ಇಟ್ಟುಕೊಂಡು ಒಳಗೆ ಹೋದಳು.

ಎಚ್ಚರರಾಯನ ಕಣ್ಣು ಕೆಂಡದ ಹಾಗಿತ್ತು. ಪಕ್ಕದ ಎಲೆಯಲ್ಲಿ ಬಡಿಸಿದ ಅನ್ನ ಒಣಗಿ ಮತ್ತೆ ಅಕ್ಕಿಯಾಗಿತ್ತು. ಅವಳು ಬಾಯಿ ತೆರೆಯುವ ಮೊದಲೇ ಅವನು ಹದಿನೇಳು ಎಂದ. ಸಣ್ಣೀರಮ್ಮ ಕೇಳಬಂದದ್ದು ಅದನ್ನಲ್ಲ. ತಾನು ತಂದಿದ್ದ ಮಾತನ್ನು ಅವನ ಮುಂದೆ ಇಟ್ಟಳು.

"ಮುಟ್ಟಲು ಬಿಡಬೇಡಿ ಬುದ್ಧಿ. ನೋಡಲು ಬಿಡಿ."

ರಾಜ ಇಷ್ಟು ವರ್ಷಗಳಲ್ಲಿ ಬೇರೆ ಮಾತು ಕೇಳಿದ್ದು ಅದೇ ಮೊದಲು. ಅವನ ಕೈಯಿಂದ ಬಳಪ ಜಾರಿತು. ನೋಡಲು ಬಿಟ್ಟರೆ ಮುಟ್ಟದೆ ಇರುತ್ತಾರೆಯೇ ಎಂದು ಕೇಳಿ, ದಾರಿ ತಪ್ಪಿದ ಮಂಗಳವಾರದ ಕತೆಯನ್ನೆಲ್ಲ ಹೇಳಿದ. ತಲೆ ಖಾಲಿಯಾದವರಿಗೆ ವಾದ ಬರುವುದಿಲ್ಲ. ಅವಳು ಸೊಂಟದಿಂದ ಬಣ್ಣವನ್ನು ತೆಗೆದು ಹಲಗೆಗೆ ಹೊದಿಸಿದಳು. ತಿಳಿನೀಲಿಯೊಳಗೆ ಹದಿನೇಳು ಎಂಬುದು ಕೆರೆಯೊಳಗಿನ ಚಂದ್ರನ ಹಾಗೆ ಕಂಡಿತು. ಅದೇ ಹೊತ್ತಿಗೆ ಬಾಗಿಲ ಪಕ್ಕದ ಗೋಡೆಯ ಮೇಲೂ ಅದೇ ನೀಲಿ, ಅದರೊಳಗೆ ಅದೇ ಹದಿನೇಳು. ರಾಜ ಕಾವಲುಗಾರನನ್ನು ಕರೆದು, ಆ ಗೋಡೆಯ ಮೇಲಿನದನ್ನು ಅಳಿಸು ಎಂದ. ಕಾವಲುಗಾರ ಉಗುಳು ಹಚ್ಚಿ ಉಜ್ಜಿದ. ಕೈ ಬಣ್ಣದೊಳಗೆ ತೂರಿ ಗೋಡೆಗೆ ಬಡಿಯಿತು. ಅಂಗೈ ತರಚಿತು. ಹದಿನೇಳು ಹದಿನೇಳಾಗಿಯೇ ಇತ್ತು.

ರಾಜ ಬಹಳ ಹೊತ್ತು ಯೋಚಿಸಿದ. ಬಟ್ಟಲು ಬೇಸರಪಟ್ಟುಕೊಂಡು ತೇಲುತ್ತಿತ್ತು. ಕಡೆಗೆ ಅವನು ಒಂದು ಕರಾರು ಹಾಕಿದ. ಬಣ್ಣವನ್ನು ಮನೆ ಮನೆಗೂ ಬಿಡಬಹುದು. ಆದರೆ ದಿನಾ ಬೆಳಿಗ್ಗೆ ಅದು ಗೋಡೆ ಬದಲಿಸಬೇಕು, ಒಂದೇ ಕಡೆ ಇದ್ದರೆ ಜನ ಅದಕ್ಕೆ ಮೊಳೆ ಹೊಡೆದು ಕೂಸಿನ ಕುಂಚಿಗೆಯನ್ನು ನೇತುಹಾಕುತ್ತಾರೆ. ಇನ್ನು, ಬಣ್ಣದಿಂದ ಹೊತ್ತು ಕೆಟ್ಟರೆ ಸಣ್ಣೀರಮ್ಮನ ಮಡಕೆ ಅವಳಿಗೆ ವಾಪಸ್ಸು ಸಿಗುವುದಿಲ್ಲ. ಅವಳು ಒಪ್ಪಿದಳು. ಖಾಲಿ ತಲೆಗೆ ಭಯವೂ ಇರುವುದಿಲ್ಲ. ಹಲಗೆಗೆ ಹೊದಿಸಿದ ಬಣ್ಣದ ಎರಡು ತುದಿ ಹಿಡಿದು, ಕಂಬಳಿ ಕೊಡವುವ ಹಾಗೆ ಒಮ್ಮೆ ಕೊಡವಿದಳು. ತಡೆಯಲು ಬಟ್ಟೆ ಇರಲಿಲ್ಲವಲ್ಲ. ಬಣ್ಣ ಹಲಗೆಯ ಮೇಲೂ ಉಳಿಯಿತು, ಊರಿನ ಎಲ್ಲ ಮನೆಗೂ ಹೋಯಿತು.

ಬಾಗಿಲಲ್ಲಿ ಮಡಕೆ ಬಗ್ಗಿಸಿಕೊಂಡ ಕೂಡಲೇ ಮಗಳ ಮುಖ ನೆನಪಾಗಿ ಅವಳು ಓಡುತ್ತ ಮನೆಗೆ ಬಂದಳು. ದಾರಿಯುದ್ದಕ್ಕೂ ಸಾಲು ಕರಗುತ್ತಿತ್ತು. ಬಣ್ಣ ಕೆಲವರ ಮನೆಯಲ್ಲಿ ಒಲೆಯ ಹಿಂದೆ, ಕೆಲವರ ಮನೆಯಲ್ಲಿ ತೊಟ್ಟಿಲ ಮೇಲೆ, ಒಬ್ಬರ ಮನೆಯಲ್ಲಿ ಮಲಗಿದ್ದ ಎಮ್ಮೆಯ ಪಕ್ಕೆಯ ಮೇಲೆ ಬಂದು ಕೂತಿತ್ತು. ಕತ್ತೆತ್ತಿದರೆ ಸಾಕು, ಹೊತ್ತು. ಮೇಲುಕೇರಿಯ ಉಂಡಾಡಿ ಹಲಗಯ್ಯ ಎಂಬವನು ತನ್ನದೇ ಬಳಪ ತಂದು ಬಣ್ಣದ ಮೇಲೆ ಊಟದ ಹೊತ್ತು ಗೀಚಲು ಹೋದ. ಬಳಪ ಸೋಕಿದ ಕ್ಷಣವೇ ಆ ದಿನ ಅವನನ್ನು ಕೈಬಿಟ್ಟಿತು. ಅವನು ದಿನದಿಂದ ಹೊರಗೆ ಬಿದ್ದು, ಮಾರನೆಯ ಬೆಳಿಗ್ಗೆ ತಲೆಯ ತುಂಬ ಧೂಳು ಮಾಡಿಕೊಂಡು ಎದ್ದು ಬಂದ. ಆಮೇಲೆ ಯಾರೂ ಬಳಪ ತರಲಿಲ್ಲ.

ಸಣ್ಣೀರಮ್ಮನ ಮನೆಯಲ್ಲಿ ಬಣ್ಣ ನಡುಗೋಡೆಗೆ ಇಳಿದಿತ್ತು. ಮುದ್ದಯ್ಯ ಅಷ್ಟರಲ್ಲಿ ಮೇಕೆ ವ್ಯಾಪಾರಿಯ ಜೊತೆ ತಲೆ ಬದಲಿಸಿಕೊಂಡು ಸರಿಯಾಗಿದ್ದ. ಕೂಸು ಹೊತ್ತು ಎಷ್ಟಾಯ್ತು ಎಂದು ಕೇಳಿತು. ಮುದ್ದಯ್ಯ ಗೋಡೆ ನೋಡಿ ಗಟ್ಟಿಯಾಗಿ ಇಪ್ಪತ್ತೊಂಬತ್ತು ಎಂದ. ಕೂಸು ನಿಧಾನವಾಗಿ ಹೇಳಿತು.

"ಅಂಥ ಹೊತ್ತು ಇನ್ನೂ ಹುಟ್ಟೇ ಇಲ್ಲ ಅಪ್ಪ. ನಾನು ಹೇಗೆ ಹುಟ್ಟಲಿ?"

ಆದದ್ದು ಇಷ್ಟೇ. ಹಲಗೆಯ ಮೇಲೆ ಹತ್ತೊಂಬತ್ತು ಇತ್ತು. ಬಟ್ಟಲು ಮುಳುಗಿತು. ರಾಜ ಇಪ್ಪತ್ತು ಬರೆಯಲು ಒಂದನ್ನು ಒರೆಸಿ ಎರಡು ಮಾಡಿದ. ಒಂಬತ್ತನ್ನು ಒರೆಸಿ ಸೊನ್ನೆ ಇಡುವ ಮೊದಲೇ ಊರು ನೋಡಿಬಿಟ್ಟಿತು. ಎರಡು, ಪಕ್ಕದಲ್ಲಿ ಒಂಬತ್ತು. ಸಂಜೆಯಾಯಿತೆಂದು ಮನೆ ಮನೆಯಲ್ಲಿ ದೀಪ ಹಚ್ಚಿದರು. ಬಯಲಿಂದ ದನ ಹೊಡೆದುಕೊಂಡು ಬಂದರು. ದನಗಳು ಸೂರ್ಯನನ್ನೂ ದೀಪವನ್ನೂ ನೋಡಿ, ಯಾವುದನ್ನು ನಂಬುವುದು ಎಂದು ತಿಳಿಯದೆ ಬೀದಿಯಲ್ಲೇ ನಿಂತುಬಿಟ್ಟವು. ಅರಮನೆಯಿಂದ ಆಳು ಬಂದ. ಹೊತ್ತು ಕೆಟ್ಟಿದೆ, ರಾಜರು ಕರೆಯುತ್ತಾರೆ ಎಂದ.

ಸಣ್ಣೀರಮ್ಮ ಮಗಳ ತಲೆ ಸವರಿದಳು. ರಾಚವ್ವ ಅವಳ ಸೆರಗು ಹಿಡಿದುಕೊಂಡಿದ್ದಳು. ಬೆರಳು ಒಂದೊಂದಾಗಿ ಬಿಡಿಸಿಕೊಂಡು ಹೊರಟಳು. ಈ ಸಲ ಬಾಗಿಲಲ್ಲಿ ಮಡಕೆಗೆ ಸುರಿಯುವಾಗ ಮಗಳ ಮುಖವನ್ನು ಕಡೆಯವರೆಗೂ ಹಿಡಿದಿಟ್ಟುಕೊಂಡಳು. ಮತ್ತೆ ಸಿಗದಿದ್ದರೆ ಮಗಳು ಎದುರಿಗೆ ಬಂದರೂ ಯಾರೋ ಎಂದುಕೊಳ್ಳಬೇಕಾದೀತು. ಸುರಿದ ಮೇಲೆ ಆ ಚಿಂತೆಯೂ ಮಡಕೆ ಸೇರಿತು.

ರಾಜ ಕೂಗಾಡಲಿಲ್ಲ. ಅದೇ ಹೆಚ್ಚು ಹೆದರಿಕೆಯ ವಿಷಯ. ಯಾರೂ ಮುಟ್ಟಲಿಲ್ಲ, ಆದರೂ ಹೊತ್ತು ಕೆಟ್ಟಿತು, ಇದಕ್ಕೆ ಏನು ಹೇಳುತ್ತೀಯೆ ತಾಯಿ ಎಂದ. ಅವಳ ತಲೆಯಲ್ಲಿ ಏನಿತ್ತು, ಹೇಳುವುದಕ್ಕೆ? ಆದರೆ ಕೇಳಿ, ಮಡಕೆಗೆ ಸುರಿದದ್ದು ತಲೆಯಲ್ಲಿದ್ದುದು ಮಾತ್ರ. ಕೈಗೆ ರೂಢಿಯಾದದ್ದು ಕೈಯಲ್ಲೇ ಇತ್ತು. ನಲವತ್ತು ವರ್ಷ ದಿನಾ ಬೆಳಿಗ್ಗೆ ಬಾಗಿಲಿಗೆ ರಂಗೋಲಿ ಇಟ್ಟ ಕೈ ಅದು. ಎದುರಿಗೆ ಬಳಪ ಕಂಡಿತು, ಕರಿಯ ಜಾಗ ಕಂಡಿತು. ಕೈ ತಾನಾಗಿ ಹೋಗಿ ಬಳಪ ತೆಗೆದುಕೊಂಡು ಹಲಗೆಯ ಮೂಲೆಯಲ್ಲಿ ಒಂದು ಚುಕ್ಕಿ ಇಟ್ಟಿತು. ಅಷ್ಟರಲ್ಲಿ ಬಟ್ಟಲು ಗುಳುಕ್ ಎಂದಿತು. ರಾಜ ಅವಳನ್ನು ಮರೆತು, ಬೇರೆ ಬಳಪ ಹಿಡಿದು ಸಂಖ್ಯೆ ತಿದ್ದಿದ. ಅವನು ತಿದ್ದಿ ಮುಗಿಸಿದ ಮೇಲೆ ಕೈ ಮೊದಲ ಚುಕ್ಕಿಯ ಪಕ್ಕ ಇನ್ನೊಂದು ಚುಕ್ಕಿ ಇಟ್ಟಿತು.

ಇದು ಏನು ಎಂದು ರಾಜ ಕೇಳಿದ. ಬಟ್ಟಲು ಮತ್ತೆ ಮುಳುಗುವ ತನಕ ಇಬ್ಬರೂ ನಿಂತು ನೋಡಿದರು. ಕೈ ಮತ್ತೆ ಒಂದು ಚುಕ್ಕಿ ಇಟ್ಟಿತು, ರಾಜ ಬರೆಯುವವರೆಗೆ ಕಾಯಿತು, ಜೋಡಿ ಚುಕ್ಕಿ ಇಟ್ಟಿತು. ಎಚ್ಚರರಾಯ ಸಣ್ಣ ಸಣ್ಣ ಸಂಗತಿಗಳನ್ನೇ ತಿಂದು ಬೆಳೆದವನು. ಅವನಿಗೆ ಅರ್ಥವಾಯಿತು. ಅವನ ಮುಖ ಎಷ್ಟೋ ವರ್ಷದ ಮೇಲೆ ಅರಳಿತು. ಊರಲ್ಲಿ ತಮಟೆ ಹೊಡೆಸಿ ಸಾರಿಸಿದ.

"ಕೊನೆಯ ಚುಕ್ಕಿ ಒಂಟಿಯಾಗಿದ್ದರೆ ರಾಜರು ಬರೆಯುತ್ತಿದ್ದಾರೆ, ಓದಬೇಡಿ, ಕಾಯಿರಿ. ಜೋಡಿಯಾಗಿದ್ದರೆ ಓದಿ. ಓದಿದ ಮೇಲೆ ಚುಕ್ಕಿಯನ್ನು ಇನ್ನೊಮ್ಮೆ ನೋಡಿ. ಹೊಸದು ಬಂದಿದ್ದರೆ ಓದಿದ್ದನ್ನು ಉಗುಳಿ ಮತ್ತೆ ಓದಿ."

ಸಣ್ಣೀರಮ್ಮನ ಮಡಕೆಯನ್ನು ರಾಜ ತಾನೇ ತಂದು ಅವಳ ತಲೆಗೆ ಬಗ್ಗಿಸಿದ. ಒಳಗಿದ್ದುದೆಲ್ಲ ಒಂದೇ ಸಲ ಬಂದು ತುಂಬಿಕೊಂಡಾಗ ಅವಳಿಗೆ ಅಲ್ಲೇ ಅಳು ಬಂತು. ಮಗಳ ಮುಖ ಎಲ್ಲಕ್ಕಿಂತ ಮೇಲೆ ಇತ್ತು.

ಮನೆಗೆ ಬಂದಾಗ ರಾಚವ್ವ ಹಲ್ಲು ಕಚ್ಚಿಕೊಂಡು ಕೂತಿದ್ದಳು. ಕೂಸು ಕೇಳುವುದನ್ನೂ ಬಿಟ್ಟಿತ್ತು. ಸಣ್ಣೀರಮ್ಮ ಮಗಳ ಬೆನ್ನಿಗೆ ತನ್ನ ಎದೆ ಕೊಟ್ಟು ಹಿಡಿದುಕೊಂಡಳು. ಮುದ್ದಯ್ಯ ಗೋಡೆಯ ಮುಂದೆ ನಿಂತು ಇಪ್ಪತ್ತ ಎನ್ನುವಷ್ಟರಲ್ಲಿ ಅವಳು ತಡೆದಳು. ಕೊನೆಯ ಚುಕ್ಕಿ ಒಂಟಿಯಾಗಿತ್ತು. ಮೂವರೂ ಗೋಡೆಯನ್ನೇ ನೋಡಿದರು. ನೀಲಿಯೊಳಗೆ ರಾಜನ ಕೈ ನೀರಿನಲ್ಲಿ ಮೀನು ಹೋದ ಹಾಗೆ ಹಾದುಹೋಯಿತು. ಒಂಟಿ ಚುಕ್ಕಿಯ ಪಕ್ಕ ಇನ್ನೊಂದು ಚುಕ್ಕಿ ಮೂಡಿತು. ಮುದ್ದಯ್ಯ ಮನಸ್ಸಿನಲ್ಲೇ ಓದಿಕೊಂಡ. ಚುಕ್ಕಿಯನ್ನು ಇನ್ನೊಮ್ಮೆ ನೋಡಿದ. ಹೊಸದಿರಲಿಲ್ಲ.

"ಇಪ್ಪತ್ತಮೂರು ಗಳಿಗೆ ಕಣಮ್ಮ," ಎಂದ.

"ಹೌದು," ಎಂದಿತು ಕೂಸು, ಮತ್ತು ಬಂತು. ಹೆಣ್ಣುಕೂಸು. ಹುಟ್ಟಿದ ಮೇಲೆ ಎಲ್ಲ ಕೂಸುಗಳ ಹಾಗೆ ಅದಕ್ಕೂ ಮಾತು ಮರೆತುಹೋಯಿತು. ಅತ್ತಿತು, ಹಾಲು ಕುಡಿಯಿತು, ಮಲಗಿತು. ರಾಚವ್ವ ಒಂದು ಬಟ್ಟಲು ಗಂಜಿ ಪೂರಾ ಕುಡಿದಳು.

ಅರಮನೆಗೆ ಜನ ಬರುವುದು ನಿಲ್ಲಲಿಲ್ಲ. ಹೊಲದ ಎಲ್ಲೆ ಗೊತ್ತು ಮಾಡಿಸಲು, ಕೆರೆಯ ತೂಬು ತೆರೆಸಲು ಬರುವವರಿಗೆ ಈಗ ಸರದಿ ಸಿಕ್ಕಿತು. ಅದಕ್ಕೆಲ್ಲ ಬಾಗಿಲು ದಾಟಲೇಬೇಕು. ಹೊತ್ತು ಕೇಳಲು ಮಾತ್ರ ಯಾರೂ ಬರಲಿಲ್ಲ. ಎಚ್ಚರರಾಯ ಬಟ್ಟಲು ನೋಡುತ್ತ, ಚುಕ್ಕಿ ಇಡುತ್ತ, ಬರೆಯುತ್ತ, ಚುಕ್ಕಿ ಇಡುತ್ತ ಇದ್ದ. ಒಂದು ದಿನ ಬರೆಯುವಾಗ ಅವನ ಕಣ್ಣು ನೀಲಿಯೊಳಗೆ ಇಳಿಯಿತು. ಬಟ್ಟೆಯಿಲ್ಲದ ಬಣ್ಣಕ್ಕೆ ಒಳಮೈ ಹೊರಮೈ ಎಂದು ಎಲ್ಲಿದೆ? ಆಚೆಯವರಿಗೆ ಹಲಗೆ ಕಾಣುವ ಹಾಗೆ ಈಚೆಯಿಂದ ಅವರೂ ಕಾಣುತ್ತಿದ್ದರು. ಯಾರೋ ಕತ್ತೆತ್ತಿ ನೋಡಿ, ಅನ್ನ ಇಳಿಸುವ ಹೊತ್ತಾಯಿತು ಎಂದರು. ಯಾರೋ ನೋಡಿ, ಇನ್ನೂ ಹೊತ್ತಿದೆ ಕೂತ್ಕೊಳಿ ಎಂದು ನೆಂಟರಿಗೆ ಹೇಳಿದರು. ತಾನು ಬರೆಯುವುದನ್ನು ಇವರು ಇದಕ್ಕೆಲ್ಲ ಬಳಸುತ್ತಾರೆ ಎಂಬುದು ರಾಜನಿಗೆ ಗೊತ್ತೇ ಇರಲಿಲ್ಲ. ಕೆಳಗೇರಿಯ ಒಂದು ಮನೆಯಲ್ಲಿ ಕೂಸೊಂದು ಕಣ್ಣು ಅರಳಿಸಿಕೊಂಡು ಅವನ ಬಳಪವನ್ನೇ ನೋಡುತ್ತಿತ್ತು. ಅವನು ಬಳಪವನ್ನು ಆ ಕಡೆ ಈ ಕಡೆ ಆಡಿಸಿದ. ಕೂಸು ನಕ್ಕಿತು.

ಹದಿನೈದನೆಯ ಗಳಿಗೆ ಬರೆದು, ಜೋಡಿ ಚುಕ್ಕಿ ಇಟ್ಟು, ಬಟ್ಟಲಿಗೆ ಈಗ ಬರುತ್ತೇನೆ ಎಂದು ಹೇಳಿ ರಾಜ ಎದ್ದ. ಕೆಳಗೇರಿಗೆ ನಡೆದುಕೊಂಡು ಬಂದ. ಸಣ್ಣೀರಮ್ಮ ಅಂಗಳದಲ್ಲಿ ಮೊಮ್ಮಗಳಿಗೆ ಎಣ್ಣೆ ತೀಡುತ್ತಿದ್ದಳು. ಅವನನ್ನು ಕಂಡು ಏಳಲು ಹೋದಾಗ, ಏಳಬೇಡಿ ತಾಯಿ ಎಂದ. ಚಾಪೆಯ ತುದಿಯಲ್ಲಿ ಕೂತ. ಕೂಸು ಎಣ್ಣೆಗೈಯಲ್ಲಿ ಅವನ ಬೆರಳು ಹಿಡಿಯಿತು.

ಒಲೆಯ ಮೇಲೆ ಅನ್ನವಿದೆ, ತೊಟ್ಟಿಯಲ್ಲಿ ಬಟ್ಟೆಯಿದೆ, ಸ್ನಾನದ ನೀರು ಆರಿಹೋಗುತ್ತದೆ ಎಂದು ಸಣ್ಣೀರಮ್ಮ ಚಡಪಡಿಸುತ್ತ ಗೋಡೆ ನೋಡಿದಳು. ಹದಿನೈದು, ಜೋಡಿ ಚುಕ್ಕಿ. ಸೊಪ್ಪಿನ ಸಾರು ಅನ್ನ ಬಡಿಸಿ ಬಂದು ನೋಡಿದಳು. ಹದಿನೈದು, ಜೋಡಿ ಚುಕ್ಕಿ. ನೋಡುವವರಿಲ್ಲದ ಬಟ್ಟಲು ಅರಮನೆಯಲ್ಲಿ ತೇಲುತ್ತಿತ್ತು. ನೀರು ಆರಲಿಲ್ಲ, ಅನ್ನ ಸೀಯಲಿಲ್ಲ, ತೊಟ್ಟಿಯ ಬಟ್ಟೆ ತನ್ನ ಹಳದಿಯಲ್ಲೇ ನಿಂತಿತು. ಊರಲ್ಲಿ ಎಲ್ಲರೂ ಗೋಡೆ ನೋಡಿ, ಇನ್ನೂ ಹದಿನೈದೇ ಎಂದುಕೊಂಡು ಇನ್ನೊಂದು ಸಲ ಬಡಿಸಿಕೊಂಡರು. ಸೂರ್ಯ ನೆತ್ತಿಯ ಮೇಲೆ ಹುಲ್ಲು ಮೇಯುವ ಹಸುವಿನ ಹಾಗೆ ನಿಂತಿದ್ದ.

ಸಣ್ಣೀರಮ್ಮನಿಗೆ ಅರಿವಾಯಿತು. ರಾಜನ ಕಡೆ ನೋಡಿದಳು. ಅವನು ಉಂಡು, ಗೋಡೆಗೆ ಒರಗಿ, ಕೂಸನ್ನು ಎದೆಯ ಮೇಲೆ ಹಾಕಿಕೊಂಡು ಕಣ್ಣು ಮುಚ್ಚಿದ್ದ. ಎಬ್ಬಿಸಬೇಕು ಎಂದುಕೊಂಡಳು. ಆಮೇಲೆ ಮಗಳ ಪಕ್ಕ ಕಾಲು ಚಾಚಿ ಕೂತಳು. ಹುಟ್ಟಿದಾಗಿನಿಂದ ಅವಳು ಹಾಗೆ ಕೂತದ್ದು ಅದೇ ಮೊದಲು.

ಬಾಣಂತಿ ಮನೆಗೆ ಬಂದವರನ್ನು ಬೇಗ ಎಬ್ಬಿಸಬಾರದು ಎಂಬುದೇ ಇದರ ನೀತಿ. ಬೇರೆ ನೀತಿ ಸಿಕ್ಕವರು ಅದನ್ನು ತಮ್ಮ ಮನೆಗೆ ಒಯ್ಯಬಹುದು. ಆ ಊರಿನವರು ಇನ್ನೂ ಉಣ್ಣುತ್ತಿದ್ದಾರೆ, ನಾವು ಕೈ ತೊಳೆಯೋಣ.